ಮಣ್ಣಿನ ಭಾರಲೋಹದಲ್ಲಿ ಬೆಳೆಗೆ ಸಿಗುವುದೆಷ್ಟು? ಬೆಂಗಳೂರಿನ ಹೊಲ-ತೋಟಗಳಿಗಾಗಿ ಅಳತೆಯ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಸುತ್ತ ಕೊಳಚೆ ನೀರು ಹಾಯಿಸುವ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟವರ ಕೈಗೆ ಸಾಮಾನ್ಯವಾಗಿ ಒಂದು ಪುಟದ ವರದಿ ಬರುತ್ತದೆ. ಕಿಲೋಗ್ರಾಂ ಮಣ್ಣಿಗೆ ಇಷ್ಟು ಮಿಲಿಗ್ರಾಂ ಕ್ಯಾಡ್ಮಿಯಂ, ಇಷ್ಟು ಸೀಸ, ಇಷ್ಟು ನಿಕಲ್ ಎಂದು ಅದರಲ್ಲಿ ಬರೆದಿರುತ್ತದೆ. ಹರಳಿನೊಳಗೆ ಹುದುಗಿ ಬೇರಿಗೆ ಎಂದೂ ಎಟುಕದ ಲೋಹ, ಮಣ್ಣಿನ ತೇವದಲ್ಲಿ ಕರಗಿ ಈ ಹೊತ್ತಿಗೇ ದಂಟಿನ ಸೊಪ್ಪಿಗೆ ಏರುತ್ತಿರುವ ಲೋಹ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಒಟ್ಟು ಲೆಕ್ಕ ಅದು. ಒಂದು ಮನೆಯ ಆಸ್ತಿ ಎಷ್ಟೆಂದು ಕೇಳಿದರೆ ಹೊಲ-ಮನೆಯ ಬೆಲೆಯನ್ನೂ ಸೇರಿಸಿ ಹೇಳಬಹುದು. ನಾಳೆಯ ಸಂತೆಗೆ ಎಷ್ಟು ತರುತ್ತೀರಿ ಎಂದರೆ ಕೈಯಲ್ಲಿರುವ ನಗದು ಮತ್ತು ತಕ್ಷಣ ಹುಟ್ಟಿಸಬಹುದಾದ ಕೈಸಾಲವಷ್ಟೇ ಲೆಕ್ಕಕ್ಕೆ ಬರುತ್ತದೆ. ಬೆಳೆಯ ವಿಷಯದಲ್ಲಿ ನಮಗೆ ಬೇಕಾದದ್ದು ಈ ಎರಡನೆಯ ಲೆಕ್ಕ. ಅದನ್ನೇ ಮಣ್ಣುವಿಜ್ಞಾನದಲ್ಲಿ ‘ಲಭ್ಯ’ ಅಂಶ ಎನ್ನುತ್ತಾರೆ.

ಲಭ್ಯ ಅಂಶವೆಂಬುದು ಮಣ್ಣಿನಲ್ಲಿ ಅಚ್ಚೊತ್ತಿದಂತೆ ಕುಳಿತಿರುವ ಒಂದೇ ಅಂಕಿಯಲ್ಲ ಎಂಬುದನ್ನು ಆರಂಭದಲ್ಲೇ ಮನದಟ್ಟು ಮಾಡಿಕೊಳ್ಳಬೇಕು. ಯಾವ ದ್ರಾವಣದಿಂದ, ಎಷ್ಟು ಮಣ್ಣಿಗೆ ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತು ಅಲುಗಿಸಿ ಸೆಳೆದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದುದರಿಂದ ದ್ರಾವಣದ ಹೆಸರಿಲ್ಲದ ‘ಲಭ್ಯ ಕ್ಯಾಡ್ಮಿಯಂ’ ಎಂಬ ಅಂಕಿಯನ್ನು, ಅಳತೆಗೋಲಿನ ಹೆಸರು ಹೇಳದೆ ‘ಉದ್ದ 12’ ಎಂದು ಬರೆದುಕೊಟ್ಟ ಚೀಟಿಯಂತೆ ಪಕ್ಕಕ್ಕಿಡುವುದೇ ಸರಿ.

ಲೋಹ ಮಣ್ಣಿನಲ್ಲಿ ಎಲ್ಲೆಲ್ಲಿ ಅಡಗಿರುತ್ತದೆ

ಮಣ್ಣಿಗೆ ಬಂದ ಲೋಹದ ಅತ್ಯಲ್ಪ ಪಾಲು ಮಣ್ಣಿನ ನೀರಿನಲ್ಲಿ ಕರಗಿರುತ್ತದೆ. ಇನ್ನೊಂದು ಪಾಲು ಜೇಡಿ ಕಣಗಳ ಮತ್ತು ಸಾವಯವ ಪದಾರ್ಥದ ಮೇಲ್ಮೈಯಲ್ಲಿ ವಿದ್ಯುದಾವೇಶದ ಬಲದಿಂದ ಸಡಿಲವಾಗಿ ಅಂಟಿಕೊಂಡಿದ್ದು, ಬೇರು ಕರಗಿದ್ದನ್ನು ಹೀರಿಕೊಂಡ ಹಾಗೆಲ್ಲ ನೀರಿಗೆ ಇಳಿದು ಬರುತ್ತದೆ. ಉಳಿದದ್ದು ಸುಣ್ಣದ ಕಾರ್ಬೊನೇಟಿನೊಂದಿಗೆ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡ್ ಪದರಗಳೊಂದಿಗೆ, ಸಾವಯವ ಪದಾರ್ಥ ಹಾಗೂ ಸಲ್ಫೈಡುಗಳೊಂದಿಗೆ ಬಿಗಿಯಾಗಿ ಸೇರಿರುತ್ತದೆ. ಕೊನೆಯ ಪಾಲು ಖನಿಜದ ಹರಳಿನೊಳಗೇ ಇರುತ್ತದೆ. ಈ ಪಾಲುಗಳನ್ನು ಒಂದಾದ ಮೇಲೊಂದರಂತೆ ಬಿಡಿಸುವ ಕ್ರಮವನ್ನು ಟೆಸಿಯೆ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು; ಇಂದಿನ ಸರಣಿ ವಿಧಾನಗಳು ಬಹುಮಟ್ಟಿಗೆ ಅದರ ಸಂತತಿಯೇ.

ಬೆಂಗಳೂರಿನ ಕೆಂಪು ಮಣ್ಣಿಗೆ ಇಲ್ಲಿ ತನ್ನದೇ ಸ್ವಭಾವವಿದೆ. ಅದರ ಜೇಡಿ ಹೆಚ್ಚಾಗಿ ಕೇಯೊಲಿನೈಟ್ ಜಾತಿಯದು. ಹಾಗಾಗಿ ಲೋಹದ ಅಯಾನುಗಳನ್ನು (ವಿದ್ಯುದಾವೇಶ ಹೊತ್ತ ಕಣಗಳನ್ನು) ಹಿಡಿದಿಡುವ ಅದರ ಶಕ್ತಿ ಕಪ್ಪು ಎರೆ ಮಣ್ಣಿಗೆ ಹೋಲಿಸಿದರೆ ಬಹಳ ಕಡಿಮೆ. ಆ ಕೊರತೆಯನ್ನು ಕಬ್ಬಿಣದ ಆಕ್ಸೈಡುಗಳು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಆದರೆ ಅವುಗಳ ಹಿಡಿತ ಗಟ್ಟಿಯಾಗಿರುವುದು ರಸಸಾರ (ಹುಳಿ-ಕ್ಷಾರದ ಅಳತೆಯಾದ ಪಿಎಚ್) ತಟಸ್ಥದ ಹತ್ತಿರ ಇದ್ದಾಗ ಮಾತ್ರ. ವರ್ಷಗಟ್ಟಲೆ ಯೂರಿಯ ಸುರಿದು ಮಣ್ಣು ಹುಳಿಯಾದರೆ, ಹೊರಗಿನಿಂದ ಹೊಸ ಲೋಹ ಒಂದು ಚೂರೂ ಬರದಿದ್ದರೂ, ಹಳೆಯದೇ ಸಡಿಲಗೊಂಡು ಬೆಳೆಗೆ ಸಿಗತೊಡಗುತ್ತದೆ. ಒಟ್ಟು ಅಂಶದ ವರದಿಯಲ್ಲಿ ಈ ಬದಲಾವಣೆ ಕಾಣುವುದೇ ಇಲ್ಲ.

ಮೊದಲ ಹೆಜ್ಜೆ: ಯಾವ ಲೋಹ, ಯಾವ ದಾರಿ, ಯಾವ ಬೆಳೆ

ಪೀಣ್ಯದ ಕಡೆಯ ನೀರನ್ನೂ ಕೂಡಿಸಿಕೊಂಡು ಕೆಂಗೇರಿ ದಾಟಿ ಬಿಡದಿಯ ಬಳಿಯ ಬೈರಮಂಗಲ ಕೆರೆ ಸೇರುವ ವೃಷಭಾವತಿಯ ಅಚ್ಚುಕಟ್ಟಿನಲ್ಲಿ, ಲೋಹಲೇಪನದ ಘಟಕಗಳಿಂದ ಬರಬಹುದಾದ ಕ್ರೋಮಿಯಂ, ನಿಕಲ್, ಸತು, ತಾಮ್ರ, ಕ್ಯಾಡ್ಮಿಯಂಗಳನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಬೆಳ್ಳಂದೂರು, ವರ್ತೂರು ಕೆರೆಗಳ ಕೆಳಗಿನ ಹೊಲಗಳಿಗೂ ಅದೇ ಪಟ್ಟಿ ನಡೆಯುತ್ತದೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಊರ ಕೆರೆ ಶುದ್ಧವಾಗಿದ್ದ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಗೊಬ್ಬರ ಇರಲಿಲ್ಲ, ಆದರೆ ನಗರದ ನೀರು ನಿಂತ ಕೆರೆಯ ಗೋಡನ್ನು ಪರೀಕ್ಷಿಸದೆ ಹರಡುವುದು ತಕ್ಕದ್ದಲ್ಲ. ನಗರ ಕಸದ ಗೊಬ್ಬರ ಕೊಳ್ಳುವವರಿಗೆ ರಸಗೊಬ್ಬರ ನಿಯಂತ್ರಣ ಆದೇಶವು ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5, ಸೀಸ 100, ಕ್ರೋಮಿಯಂ 50, ನಿಕಲ್ 50, ತಾಮ್ರ 300, ಸತು 1000 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಗಳನ್ನು ಇಟ್ಟಿದೆ. ಇವು ಲಭ್ಯ ಅಂಶದ ಮಿತಿಗಳಲ್ಲ, ಒಟ್ಟು ಅಂಶದವು. ರಸ್ತೆ ಬದಿಯ ಕೈತೋಟ ಅಥವಾ ಹಳೆಯ ಮನೆಯ ಸುಣ್ಣ-ಬಣ್ಣ ಉದುರಿದ ಹಿತ್ತಲಾದರೆ ಸೀಸವೇ ಮುಖ್ಯ.

2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ನಿಮ್ಮ ಬಳಿ ಇದ್ದರೆ ಅದನ್ನು ಎತ್ತಿಟ್ಟುಕೊಳ್ಳಿ. ಅದರ 12 ಅಂಶಗಳಲ್ಲಿ ಸತು ಮತ್ತು ತಾಮ್ರ ಇವೆ, ರಸಸಾರ ಮತ್ತು ಸಾವಯವ ಇಂಗಾಲ ಇವೆ. ಆದರೆ ಕ್ಯಾಡ್ಮಿಯಂ, ಸೀಸ, ನಿಕಲ್, ಕ್ರೋಮಿಯಂ ಇಲ್ಲ. ಚೀಟಿಯಲ್ಲಿ ಎಲ್ಲವೂ ಹಸಿರಾಗಿದೆ ಎಂದ ಮಾತ್ರಕ್ಕೆ ಮಣ್ಣು ಲೋಹಮುಕ್ತ ಎಂದು ತಿಳಿಯುವ ತಪ್ಪನ್ನು ನಾನು ಹಲವು ಕಡೆ ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಮಣ್ಣು ತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ತಪ್ಪು ನಡೆಯುವುದು ಹೊಲದಲ್ಲೇ ಹೊರತು ಪ್ರಯೋಗಾಲಯದಲ್ಲಲ್ಲ. ಕೊಳಚೆ ನೀರಿನ ಲೋಹದ ಬಹುಪಾಲು ತೇಲುವ ಮಡ್ಡಿಗೆ ಅಂಟಿಕೊಂಡು ಬರುವುದರಿಂದ, ತೂಬಿನ ಅಥವಾ ಕಾಲುವೆ ಬಾಯಿಯ ಹತ್ತಿರದ ಮಡಿಗಳಲ್ಲಿ ಅದು ಮೊದಲು ಇಳಿಯುತ್ತದೆ, ಕೊನೆಯ ಮಡಿಗಳಿಗೆ ತಲುಪುವ ಹೊತ್ತಿಗೆ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ತಲೆಯ ಮಡಿಯ ಮಣ್ಣನ್ನೂ ಬಾಲದ ಮಡಿಯ ಮಣ್ಣನ್ನೂ ಕಲಸಿ ಒಂದೇ ಮಾದರಿ ಮಾಡಿದರೆ ಸಿಗುವ ಸರಾಸರಿ ಎರಡು ತುದಿಗೂ ಸುಳ್ಳು ಹೇಳುತ್ತದೆ. ಹೊಲವನ್ನು ನೀರು ಹರಿಯುವ ದಿಕ್ಕಿಗೆ ಅಡ್ಡಲಾಗಿ ತಲೆ, ನಡು, ಬಾಲ ಎಂದು ಮೂರು ಪಟ್ಟಿಗಳಾಗಿ ಗುರುತಿಸಿ, ಪ್ರತಿ ಪಟ್ಟಿಯಲ್ಲಿ ಅಂಕುಡೊಂಕಾಗಿ ನಡೆಯುತ್ತ 15ರಿಂದ 20 ಕಡೆ ಮಣ್ಣು ತೆಗೆದು, ಆಯಾ ಪಟ್ಟಿಯದನ್ನು ಮಾತ್ರ ಒಟ್ಟುಗೂಡಿಸಿ. ಕೊಳಚೆ ನೀರು ಎಂದೂ ಹರಿಯದ, ಅದೇ ಬಗೆಯ ಮಣ್ಣಿನ, ಕೊಳವೆ ಬಾವಿ ನೀರಿನ ಹೊಲವೊಂದು ಹತ್ತಿರದಲ್ಲಿದ್ದರೆ ಅಲ್ಲಿಂದಲೂ ಒಂದು ಮಾದರಿ ತರಬೇಕು. ಹೋಲಿಕೆಗೆ ಏನೂ ಇಲ್ಲದ ಅಂಕಿಯಿಂದ ತೀರ್ಮಾನ ಹುಟ್ಟುವುದಿಲ್ಲ.

ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಳಿ ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕತ್ತರಿಸಬೇಕು. ಸೊಪ್ಪು-ತರಕಾರಿಗೆ ಈ ಆಳ ಸಾಕು. ಸೀಮೆಹುಲ್ಲು, ಹಿಪ್ಪುನೇರಳೆಯಂಥ ಆಳ ಬೇರಿನ ಬೆಳೆಗಳಿಗೆ 15ರಿಂದ 30 ಸೆಂಟಿಮೀಟರ್ ಪದರವನ್ನು ಬೇರೆ ಚೀಲದಲ್ಲಿ ತೆಗೆಯಬೇಕು. ಸಲಕರಣೆ ತುಕ್ಕು ಹಿಡಿಯದ ಉಕ್ಕಿನದೋ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಲಿ. ಸತುವಿನ ಲೇಪವಿರುವ ಬಕೆಟ್, ಬಾಂಡಲಿಗಳು ಬೇಡ. ಗೊಬ್ಬರ ಹಾಕಿ ತಿಂಗಳೊಳಗೆ ಮಣ್ಣು ತೆಗೆಯಬೇಡಿ; ರಂಜಕದ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುತ್ತದೆ, ಬೋರ್ಡೊ ದ್ರಾವಣ ಸಿಂಪಡಿಸಿದ ತೋಟದಲ್ಲಿ ತಾಮ್ರ ಇರುತ್ತದೆ. ಇವನ್ನೆಲ್ಲ ಹೊಲದಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಿ, ಗುಳಿಯ ಜಾಗವನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತು ಮಾಡಿಕೊಳ್ಳಿ.

ಭತ್ತದ ಗದ್ದೆಯಲ್ಲಿ ಒಂದು ಎಚ್ಚರಿಕೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಸಲ್ಫೈಡ್ ಹುಟ್ಟಿ ಕ್ಯಾಡ್ಮಿಯಂ ಅದರೊಳಗೆ ಸಿಕ್ಕಿಬೀಳುತ್ತದೆ. ಕೊಯ್ಲಿಗೆ ಮುನ್ನ ನೀರು ಬಸಿದು ಗದ್ದೆ ಒಣಗಿದೊಡನೆ ಅದು ಮತ್ತೆ ಬಿಡುಗಡೆಯಾಗುತ್ತದೆ. ಕೆಸರಿನ ಮಣ್ಣನ್ನು ತಂದು ಒಣಗಿಸಿ ಅಳೆದರೆ ನಡುಹಂಗಾಮಿನ ಸ್ಥಿತಿ ತಿಳಿಯುವುದಿಲ್ಲ. ಕಾಳು ಕಟ್ಟುವ ಕಾಲದಲ್ಲಿ, ನೀರು ಬಸಿದ ಮೇಲೆ ತೆಗೆದ ಮಾದರಿಯೇ ಹೆಚ್ಚು ಅರ್ಥಪೂರ್ಣ.

ಮೂರನೆಯ ಹೆಜ್ಜೆ: ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದು

ಮಣ್ಣನ್ನು ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ರಸ್ತೆಯ ದೂಳು ಬೀಳುವ ಟೆರೇಸು ತಕ್ಕ ಜಾಗವಲ್ಲ. ಮಳೆಗಾಲದಲ್ಲಿ ಒಣಗದೆ ಬೂಸರು ಬರುವ ಭಯವಿದ್ದರೆ 40 ಡಿಗ್ರಿ ಸೆಲ್ಸಿಯಸ್ ಮೀರದ ಒಲೆಪೆಟ್ಟಿಗೆ ಬಳಸಬಹುದು. ಅದಕ್ಕಿಂತ ಹೆಚ್ಚು ಕಾಯಿಸಿದರೆ ಲೋಹದ ಸ್ಥಿತಿಯೇ ಬದಲಾಗುತ್ತದೆ. ಒಣಗಿದ್ದನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಹೆಂಟೆ ಒಡೆಯಿರಿ. ನಮ್ಮ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಚೂರು ಧಾರಾಳ. ಅವನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಅಂಕಿ ಕೆಡುತ್ತದೆ. 2 ಮಿಲಿಮೀಟರ್ ಕಣ್ಣಿನ ನೈಲಾನ್ ಜರಡಿಯಲ್ಲಿ ಹಿಡಿದು, ಇಳಿದ ಮಣ್ಣನ್ನು ಗುಡ್ಡೆ ಮಾಡಿ ನಾಲ್ಕು ಭಾಗಿಸಿ, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದದ್ದನ್ನು ಕಲಸುತ್ತ, ಅರ್ಧ ಕಿಲೋ ಆಗುವವರೆಗೆ ಇಳಿಸಬೇಕು.

ಜರಡಿಯ ಬಗ್ಗೆ ಒತ್ತಿ ಹೇಳಲು ನನ್ನದೇ ಅನುಭವ ಕಾರಣ. ಒಮ್ಮೆ ಹನ್ನೆರಡು ಮಾದರಿಗಳಲ್ಲೂ ತಾಮ್ರ ಮತ್ತು ಸತು ಏಕಪ್ರಕಾರ ಏರಿದ್ದವು. ಕೊಳವೆ ಬಾವಿಯ ಹೊಲದ ಮಣ್ಣೂ ಹಾಗೇ ಬಂದಾಗ ಹುಡುಕಿ ನೋಡಿದರೆ ಯಾರೋ ಹಿತ್ತಾಳೆಯ ಜರಡಿ ಬಳಸಿದ್ದರು. ಹಿತ್ತಾಳೆಯೆಂದರೆ ತಾಮ್ರ-ಸತುವೇ ತಾನೆ. ಮೂರು ದಿನದ ಕೆಲಸ ನೀರುಪಾಲಾಯಿತು. ರಬ್ಬರ್ ಬಿರಡೆ ಮತ್ತು ಪುಡಿ ಹಚ್ಚಿದ ಕೈಗವಸುಗಳಿಂದಲೂ ಸತು ಬರುತ್ತದೆ. ಸೀಸೆ, ಶಂಕುಪಾತ್ರೆ, ಆಲಿಕೆಗಳನ್ನೆಲ್ಲ ಶೇಕಡ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಹಾಕಿ, ಅಯಾನು ತೆಗೆದ ನೀರಿನಲ್ಲಿ ಚೆನ್ನಾಗಿ ತೊಳೆದೇ ಬಳಸಬೇಕು.

ಇದೇ ಹಂತದಲ್ಲಿ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರಿನ ಪ್ರಮಾಣದಲ್ಲಿ ರಸಸಾರ, ಜೊತೆಗೆ ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಜೇಡಿಯ ಪ್ರಮಾಣ ಮತ್ತು ಅಯಾನು ವಿನಿಮಯ ಸಾಮರ್ಥ್ಯ ಇವನ್ನು ಅಳೆದಿಡಿ. ಲೋಹದ ಅಂಕಿಯನ್ನು ಮುಂದೆ ಓದುವುದು ಇವುಗಳ ಬೆಳಕಿನಲ್ಲೇ.

ನಾಲ್ಕನೆಯ ಹೆಜ್ಜೆ: ಡಿಟಿಪಿಎ ವಿಧಾನ

ಭಾರತದ ಮಣ್ಣು ಪರೀಕ್ಷಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ಈ ವಿಧಾನ. ಡಿಟಿಪಿಎ ಎಂಬುದು ಲೋಹದ ಅಯಾನನ್ನು ಏಡಿಯ ಕೊಂಡಿಯಂತೆ ಹಲವು ಕಡೆಯಿಂದ ಹಿಡಿಯುವ ಸಂಯುಕ್ತ. ಅದು ದ್ರಾವಣದಲ್ಲಿನ ಬಿಡಿ ಲೋಹವನ್ನು ಹಿಡಿದುಕೊಳ್ಳುತ್ತ ಹೋದಂತೆ, ಮಣ್ಣು ತನ್ನಲ್ಲಿ ಸಡಿಲವಾಗಿರುವುದನ್ನು ಬಿಟ್ಟುಕೊಡುತ್ತ ಬರುತ್ತದೆ. ಹೀಗೆ ಕೈಯಲ್ಲಿನ ನಗದಿನ ಜೊತೆ ಕೈಸಾಲವೂ ಲೆಕ್ಕಕ್ಕೆ ಸೇರುತ್ತದೆ.

ಒಂದು ಲೀಟರ್ ದ್ರಾವಣಕ್ಕೆ 14.92 ಗ್ರಾಂ ಟ್ರೈಎಥನಾಲಮೈನ್, 1.967 ಗ್ರಾಂ ಡಿಟಿಪಿಎ ಮತ್ತು ಎರಡು ಅಣು ನೀರಿರುವ ಕ್ಯಾಲ್ಸಿಯಂ ಕ್ಲೋರೈಡ್ 1.47 ಗ್ರಾಂ ತೂಗಿಕೊಳ್ಳಬೇಕು. ಇವನ್ನು ಸುಮಾರು 200 ಮಿಲಿಲೀಟರ್ ನೀರಿಗೆ ಹಾಕಿ, ಡಿಟಿಪಿಎ ಪೂರ್ತಿ ಕರಗುವವರೆಗೆ ಅವಸರ ಮಾಡದೆ ಕಾಯಿರಿ. ಬಳಿಕ 900 ಮಿಲಿಲೀಟರಿಗೆ ಏರಿಸಿ, ಕಲಕುತ್ತಲೇ ಹೈಡ್ರೊಕ್ಲೋರಿಕ್ ಆಮ್ಲ ಹನಿಸಿ ರಸಸಾರವನ್ನು 7.30ಕ್ಕೆ ತಂದು, ಒಂದು ಲೀಟರ್ ಮಾಡಿ. 0.05ಕ್ಕಿಂತ ಹೆಚ್ಚಿನ ಏರುಪೇರು ಸಲ್ಲದು. ಕ್ಯಾಲ್ಸಿಯಮ್ಮೂ ಆ ರಸಸಾರವೂ ಸುಮ್ಮನೆ ಇಟ್ಟವಲ್ಲ. ಸುಣ್ಣದ ಮಣ್ಣಿನಲ್ಲಿ ಕಾರ್ಬೊನೇಟು ಕರಗಿ ಅದರೊಳಗೆ ಹುದುಗಿದ, ಬೆಳೆಗೆ ಸಿಗದ ಲೋಹ ಹೊರಬರದಿರಲಿ ಎಂಬುದೇ ಉದ್ದೇಶ.

10 ಗ್ರಾಂ ಮಣ್ಣಿಗೆ 20 ಮಿಲಿಲೀಟರ್ ದ್ರಾವಣ ಸೇರಿಸಿ, 25 ಡಿಗ್ರಿ ಉಷ್ಣತೆಯಲ್ಲಿ ನಿಮಿಷಕ್ಕೆ 120 ಸಲದಂತೆ ಸರಿಯಾಗಿ ಎರಡು ಗಂಟೆ ಅಲುಗಿಸಿ, ವಾಟ್‌ಮನ್ 42ನೇ ಸಂಖ್ಯೆಯ ಶೋಧಕ ಕಾಗದದಲ್ಲಿ ಸೋಸಬೇಕು. ಎರಡು ಗಂಟೆಗೆ ಸಮತೋಲ ಬಂದಿರುವುದಿಲ್ಲ. ಇನ್ನೂ ಅಲುಗಿಸಿದರೆ ಇನ್ನೂ ಲೋಹ ಬರುತ್ತದೆ. ಆದುದರಿಂದಲೇ ಗಡಿಯಾರ ಇಲ್ಲಿ ತಕ್ಕಡಿಯಷ್ಟೇ ಮುಖ್ಯ. ಮಾದರಿಗಳು ಹೆಚ್ಚಿದ್ದು ಸೋಸುವುದು ತಡವಾಗುವಂತಿದ್ದರೆ, ಸೋಸಲು ಸಾಧ್ಯವಾಗುವಷ್ಟನ್ನೇ ಒಂದು ಸರದಿಗೆ ಇಡಿ.

ಇದರ ಮಿತಿಗಳನ್ನೂ ಹೇಳಬೇಕು. ಈ ವಿಧಾನ ಹುಟ್ಟಿದ್ದು ತಟಸ್ಥಕ್ಕೆ ಹತ್ತಿರದ ಮತ್ತು ಸುಣ್ಣದ ಮಣ್ಣುಗಳಲ್ಲಿ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರದ ಕೊರತೆ ಗುರುತಿಸಲು. ಸತು ಕಿಲೋಗ್ರಾಮಿಗೆ 0.6 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಕೊರತೆ ಎಂಬ ಪರಿಚಿತ ಮಾತು ಈ ವಿಧಾನದ್ದೇ. ವಿಷದ ಮಟ್ಟ ಅಳೆಯಲು ಅದನ್ನು ಆಮೇಲೆ ಎರವಲು ಪಡೆಯಲಾಯಿತು. ರಸಸಾರ 5.5 ಇರುವ ಹುಳಿ ಮಣ್ಣನ್ನೂ ದ್ರಾವಣವು 7.3ರತ್ತ ಎಳೆದುಬಿಡುವುದರಿಂದ, ಹುಳಿಯ ಕಾರಣಕ್ಕೇ ಬೇರಿಗೆ ಸಿಗುತ್ತಿರುವ ಲೋಹದ ನಿಜಸ್ಥಿತಿ ಅಂಕಿಯಲ್ಲಿ ಮರೆಯಾಗುತ್ತದೆ. ಇನ್ನು, 20 ಮಿಲಿಲೀಟರಿನಲ್ಲಿರುವ ಡಿಟಿಪಿಎ 0.1 ಮಿಲಿಮೋಲ್, ಅಂದರೆ ಕಿಲೋಗ್ರಾಂ ಮಣ್ಣಿಗೆ 10 ಮಿಲಿಮೋಲ್ ಮಾತ್ರ. ಸತುವೊಂದೇ ಇದ್ದರೂ ಸುಮಾರು 650 ಮಿಲಿಗ್ರಾಮಿಗೆ ಅದು ತುಂಬಿಹೋಗುತ್ತದೆ. ಕಬ್ಬಿಣ, ತಾಮ್ರ, ಮ್ಯಾಂಗನೀಸುಗಳೂ ಪಾಲಿಗೆ ಬರುವುದರಿಂದ ಕೆರೆಯ ಗೋಡಿನಂಥ ಭಾರಿ ಮಲಿನ ಮಾದರಿಯಲ್ಲಿ ಅದಕ್ಕೂ ಮೊದಲೇ ಅಂಕಿ ಕುಗ್ಗಿ ಕಾಣಬಹುದು. ಅಂಥಲ್ಲಿ ಮಣ್ಣನ್ನು ಕಡಿಮೆ ತೆಗೆದುಕೊಂಡು ದ್ರಾವಣದ ಪ್ರಮಾಣ ಹೆಚ್ಚಿಸಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಬೇಕು.

ಐದನೆಯ ಹೆಜ್ಜೆ: ಕ್ಯಾಲ್ಸಿಯಂ ಕ್ಲೋರೈಡ್ ವಿಧಾನ

ಒಂದೇ ವಿಧಾನ ಆರಿಸಿಕೊಳ್ಳಿ ಎಂದರೆ ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ನಿಕಲ್ಲಿಗೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಎಂದರೆ ಲೀಟರಿಗೆ 1.47 ಗ್ರಾಂ ಮಾತ್ರ. ಮಣ್ಣಿನ ಸಹಜ ನೀರಿನ ಉಪ್ಪಿನಂಶಕ್ಕೆ ಹತ್ತಿರವಾದ ಈ ದುರ್ಬಲ ದ್ರಾವಣ ಮಣ್ಣಿನ ರಸಸಾರವನ್ನು ಬದಲಿಸಲು ಹೋಗುವುದಿಲ್ಲ. ಮಣ್ಣು ಹುಳಿಯಾಗಿದ್ದರೆ ಅದರ ಪರಿಣಾಮ ಅಂಕಿಯಲ್ಲಿ ನೇರವಾಗಿ ಕಾಣುತ್ತದೆ. ಇದು ಕೈಯಲ್ಲಿರುವ ನಗದಿನ ಲೆಕ್ಕ.

5 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ದ್ರಾವಣ ಸೇರಿಸಿ ಎರಡು ಗಂಟೆ ಅಲುಗಿಸಿ. ಕಲಕಿದ ದ್ರವದಲ್ಲೇ ರಸಸಾರ ಅಳೆದು ಬರೆದುಕೊಳ್ಳಿ, ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ 0.45 ಮೈಕ್ರೊಮೀಟರ್ ಪೊರೆಯಲ್ಲಿ ಸೋಸಿ, ಸೋಸಿದ್ದಕ್ಕೆ ಶುದ್ಧ ನೈಟ್ರಿಕ್ ಆಮ್ಲದ ಒಂದೆರಡು ಹನಿ ಹಾಕಿ ತಂಪಿನಲ್ಲಿಡಿ. ಕಷ್ಟವೆಂದರೆ ಇಲ್ಲಿ ಸಿಗುವ ಲೋಹ ಬಹಳ ಕಡಿಮೆ. ಸೀಸವಂತೂ ಎಷ್ಟೋ ಸಲ ಜ್ವಾಲೆಯ ಎಎಎಸ್ ಯಂತ್ರಕ್ಕೆ (ಲೋಹ ಹೀರಿದ ಬೆಳಕನ್ನು ಅಳೆದು ಅದರ ಪ್ರಮಾಣ ಹೇಳುವ ಉಪಕರಣಕ್ಕೆ) ಕಾಣುವುದೇ ಇಲ್ಲ. ಅದಕ್ಕಿಂತ ಸೂಕ್ಷ್ಮವಾದ ಗ್ರಾಫೈಟ್ ಕುಲುಮೆಯ ಎಎಎಸ್ ಅಥವಾ ಐಸಿಪಿ-ಎಂಎಸ್ ಯಂತ್ರ ಬೇಕಾಗುತ್ತದೆ. ಕುಲುಮೆಯಲ್ಲಿ ಕ್ಲೋರೈಡು ಸೀಸ-ಕ್ಯಾಡ್ಮಿಯಮ್ಮುಗಳನ್ನು ಬೇಗ ಆವಿಯಾಗಿಸಿ ಅಂಕಿ ತಗ್ಗಿಸುತ್ತದೆ ಎಂಬುದನ್ನೂ ಯಂತ್ರ ನಡೆಸುವವರಿಗೆ ನೆನಪಿಸಿ.

ಇದೇ ಜಾತಿಯ ಇನ್ನೊಂದು ವಿಧಾನವು 1 ಮೋಲಾರ್ ಅಮೋನಿಯಂ ನೈಟ್ರೇಟಿನದು. 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್, ಎರಡು ಗಂಟೆ. ಜರ್ಮನಿಯ 1999ರ ಮಣ್ಣು ಸಂರಕ್ಷಣಾ ನಿಯಮಾವಳಿಯು ಬೆಳೆಗೆ ಸಂಬಂಧಿಸಿದ ಕ್ಯಾಡ್ಮಿಯಂ ಮಿತಿಯನ್ನು ಈ ದ್ರಾವಣದ ಹೆಸರು ಹೇಳಿಯೇ ಬರೆಯಿತು: ಸಾಮಾನ್ಯವಾಗಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ, ರೊಟ್ಟಿಯ ಗೋಧಿ ಅಥವಾ ಕ್ಯಾಡ್ಮಿಯಂ ಹೆಚ್ಚು ಹೀರುವ ತರಕಾರಿ ಬೆಳೆಯುವಲ್ಲಿ 0.04. ಆ ಅಂಕಿಯನ್ನು ತಂದು ನಮ್ಮ ಡಿಟಿಪಿಎ ವರದಿಯ ಪಕ್ಕದಲ್ಲಿಟ್ಟು ಹೋಲಿಸುವುದು ಸಲ್ಲದು ಎಂದು ಬೇರೆ ಹೇಳಬೇಕಿಲ್ಲ. ನಮ್ಮಲ್ಲಿ ಅಮೋನಿಯಂ ನೈಟ್ರೇಟಿನ ಮಾರಾಟ-ದಾಸ್ತಾನಿಗೆ 2012ರ ನಿಯಮಗಳ ಕಟ್ಟುಪಾಡು ಇರುವುದರಿಂದಲೂ ಕ್ಯಾಲ್ಸಿಯಂ ಕ್ಲೋರೈಡೇ ಅನುಕೂಲ.

ಬೇರೆ ದಾರಿಗಳು ಯಾವಾಗ ಬೇಕು

ಸಮಯ ಕಳೆದಂತೆ ಬಿಡುಗಡೆಯಾಗಬಹುದಾದ ದಾಸ್ತಾನು ತಿಳಿಯಬೇಕಾದರೆ ಯುರೋಪಿನ ಬಿಸಿಆರ್ ಸರಣಿ ವಿಧಾನವಿದೆ. ಮೊದಲು 0.11 ಮೋಲಾರ್ ಅಸಿಟಿಕ್ ಆಮ್ಲದಲ್ಲಿ 16 ಗಂಟೆ, ನಂತರ ಹೈಡ್ರಾಕ್ಸಿಲಮೈನ್ ಹೈಡ್ರೊಕ್ಲೋರೈಡಿನಲ್ಲಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಂ ಅಸಿಟೇಟಿನಲ್ಲಿ, ಕೊನೆಗೆ ಆಮ್ಲರಾಜದಲ್ಲಿ (ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ) ಸೆಳೆಯುವ ಈ ಕೆಲಸಕ್ಕೆ ದಿನಗಳೇ ಹಿಡಿಯುತ್ತವೆ. ರೈತನಿಗೆ ಸೊಪ್ಪು ಬೆಳೆಯಬಹುದೇ ಎಂಬ ಉತ್ತರ ಬೇಕಾಗಿರುವಾಗ ಇದು ದುಬಾರಿ. ಸಂಶೋಧನಾ ವಿದ್ಯಾರ್ಥಿಗಳಿಗೆ ಸೈ.

1994ರಲ್ಲಿ ಡೇವಿಸನ್ ಮತ್ತು ಜಾಂಗ್ ಪರಿಚಯಿಸಿದ ಡಿಜಿಟಿ ಎಂಬ ಬಿಲ್ಲೆಯ ಹಿಂದಿನ ಯೋಚನೆ ಸೊಗಸಾದದ್ದು. ಮೇಲೊಂದು ಸೋಸುಪೊರೆ, ಅದರಡಿ ಲೋಹ ಹಾದುಬರುವ ಜೆಲ್ ಪದರ, ಅದರ ಹಿಂದೆ ಲೋಹ ಹಿಡಿಯುವ ರಾಳ. ನೀರು ತುಂಬಿದ ಮಣ್ಣಿನ ಮುದ್ದೆಯ ಮೇಲೆ ಸುಮಾರು ಒಂದು ದಿನ ಕೂರಿಸಿದರೆ ಅದು ಬೇರಿನಂತೆಯೇ ಲೋಹವನ್ನು ಸೆಳೆಯುತ್ತ, ಖಾಲಿಯಾದ ಜಾಗಕ್ಕೆ ಮಣ್ಣು ಎಷ್ಟು ಬೇಗ ತುಂಬಿಕೊಡುತ್ತದೆ ಎಂಬುದನ್ನೂ ಸೇರಿಸಿ ತಿಳಿಸುತ್ತದೆ. ಸಾಮಾನ್ಯ ಪರೀಕ್ಷೆಗೆ ಬಿಲ್ಲೆಯ ಬೆಲೆಯೇ ಅಡ್ಡಿ.

ಕ್ರೋಮಿಯಮ್ಮಿನ ಮಾತು ಬೇರೆ. ಅಪಾಯಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಋಣ ಅಯಾನಿನ ರೂಪದಲ್ಲಿರುವುದರಿಂದ ಡಿಟಿಪಿಎಯ ಕೊಂಡಿಗೆ ಅದು ಸಿಗುವುದಿಲ್ಲ. ಫಾಸ್ಫೇಟ್ ದ್ರಾವಣದಿಂದ ಸೆಳೆದು, ಡೈಫೀನೈಲ್‌ಕಾರ್ಬಜೈಡ್ ಸೇರಿಸಿದಾಗ ಬರುವ ನೇರಳೆ ಬಣ್ಣವನ್ನು 540 ನ್ಯಾನೊಮೀಟರಿನಲ್ಲಿ ಅಳೆಯಬೇಕು. ಡಿಟಿಪಿಎ ವರದಿಯಲ್ಲಿ ಕ್ರೋಮಿಯಂ ‘ಪತ್ತೆಯಾಗಿಲ್ಲ’ ಎಂದಿದ್ದರೆ ಅದನ್ನು ನೆಮ್ಮದಿಯ ಸುದ್ದಿಯೆಂದು ತಿಳಿಯಬೇಡಿ. ಆರ್ಸೆನಿಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ.

ಆರನೆಯ ಹೆಜ್ಜೆ: ಓದುವುದು, ಲೆಕ್ಕ ಹಾಕುವುದು

ಯಂತ್ರವನ್ನು ಹೊಂದಿಸುವ ಶಿಷ್ಟ ದ್ರಾವಣಗಳನ್ನು ಬರಿಯ ನೀರಿನಲ್ಲಿ ಮಾಡದೆ, ಮಣ್ಣಿಗೆ ಬಳಸಿದ ದ್ರಾವಣದಲ್ಲೇ ಮಾಡಬೇಕು. ಜ್ವಾಲೆಯ ಎಎಎಸ್‌ನಲ್ಲಿ ಕ್ಯಾಡ್ಮಿಯಂ 228.8, ಸತು 213.9, ನಿಕಲ್ 232.0, ಸೀಸ 217.0 ಅಥವಾ 283.3 ನ್ಯಾನೊಮೀಟರಿನಲ್ಲಿ ಓದಲ್ಪಡುತ್ತವೆ. ಪ್ರತಿ ಸರದಿಯಲ್ಲೂ ಮಣ್ಣಿಲ್ಲದ ಖಾಲಿ ಮಾದರಿ ಕನಿಷ್ಠ ಎರಡು, ಪ್ರತಿ ಹತ್ತಕ್ಕೊಂದು ಜೋಡಿ ಮಾದರಿ, ಮತ್ತು ಗೊತ್ತಿರುವ ಅಂಶದ ಒಂದು ಮಣ್ಣು ಇರಲೇಬೇಕು. ಪ್ರಮಾಣೀಕೃತ ಮಣ್ಣು ದುಬಾರಿಯಾದರೆ, ನಿಮ್ಮದೇ ಪ್ರಯೋಗಾಲಯದ ಒಂದು ಮಣ್ಣನ್ನು ಐದಾರು ಕಿಲೋ ಹದ ಮಾಡಿಟ್ಟುಕೊಂಡು ಪ್ರತಿ ಸಲವೂ ಅದನ್ನು ಓದಿ ಅಂಕಿ ಜಾರುತ್ತಿದೆಯೇ ನೋಡಬಹುದು.

ಲೆಕ್ಕ ಸರಳ. ಓದಿದ ಅಂಕಿಯಿಂದ ಖಾಲಿ ಮಾದರಿಯ ಅಂಕಿ ಕಳೆದು, ದ್ರಾವಣದ ಮಿಲಿಲೀಟರಿನಿಂದ ಗುಣಿಸಿ, ಮಣ್ಣಿನ ಗ್ರಾಮಿನಿಂದ ಭಾಗಿಸಿದರೆ ಕಿಲೋಗ್ರಾಮಿಗೆ ಮಿಲಿಗ್ರಾಂ ಸಿಗುತ್ತದೆ. ಡಿಟಿಪಿಎಯಲ್ಲಿ ಅದು ಎರಡರಿಂದ, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಹತ್ತರಿಂದ ಗುಣಿಸಿದಂತೆ. ಲೆಕ್ಕ ತೋರಿಸಲೆಂದು ಊಹಿಸಿದ ಅಂಕಿಗಳನ್ನು ತೆಗೆದುಕೊಳ್ಳೋಣ: ಡಿಟಿಪಿಎಯಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.085 ಮಿಲಿಗ್ರಾಂ, ಖಾಲಿಯದು 0.005. ವ್ಯತ್ಯಾಸ 0.080, ಎರಡರಿಂದ ಗುಣಿಸಿದರೆ ಕಿಲೋಗ್ರಾಮಿಗೆ 0.16 ಮಿಲಿಗ್ರಾಂ. ಆಮ್ಲರಾಜದಲ್ಲಿ ಬೇಯಿಸಿ ಅಳೆದ ಒಟ್ಟು 0.8 ಆಗಿದ್ದರೆ ಲಭ್ಯ ಪಾಲು ಶೇಕಡ 20. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಅದೇ ಮಣ್ಣಿನಿಂದ ಕಿಲೋಗ್ರಾಮಿಗೆ 0.012 ಮಿಲಿಗ್ರಾಂ ಬಂದಿತೆನ್ನಿ, ಆಗ ಇವತ್ತು ಚಲಿಸುತ್ತಿರುವುದು ಒಟ್ಟಿನ ಶೇಕಡ 1.5, ಬೇಗ ಹೊರಬರಬಹುದಾದದ್ದು ಶೇಕಡ 20. ಈ ಎರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ರಸಸಾರ ಇಳಿದಾಗ ತೊಂದರೆ ಹೆಚ್ಚುವ ಸಂಭವ ಹೆಚ್ಚು. ಎರಡೂ ವಿಧಾನ ಮಾಡಿಸಿ ಎಂದು ನಾನು ಹಟ ಹಿಡಿಯುವುದು ಈ ಅಂತರಕ್ಕಾಗಿಯೇ.

ಏಳನೆಯ ಹೆಜ್ಜೆ: ಗಿಡವನ್ನೇ ಕೇಳುವುದು

ಯಾವ ದ್ರಾವಣವೂ ಬೇರಲ್ಲ. ಆದುದರಿಂದ ಮಣ್ಣು ತೆಗೆದ ಅದೇ ಪಟ್ಟಿಯಿಂದ, ಅದೇ ದಿನ, ಕೊಯ್ಲಿಗೆ ಬಂದ ಸೊಪ್ಪನ್ನೂ ತರಬೇಕು. ದಂಟು, ಹರಿವೆ, ಪಾಲಕ್‌ಗಳು ಕ್ಯಾಡ್ಮಿಯಂ ಹೆಚ್ಚು ಹೀರುವ ಗುಂಪಿನವು. ಹುರುಳಿಕಾಯಿಯಂಥ ದ್ವಿದಳ ತರಕಾರಿಗಳ ಕಾಯಲ್ಲಿ ಅದು ಕಡಿಮೆ. ಎಲೆಯನ್ನು ನಲ್ಲಿ ನೀರಿನಲ್ಲಿ, ನಂತರ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಿರಿ. ಸೀಸದ ವಿಷಯದಲ್ಲಿ ತೊಳೆದದ್ದನ್ನೂ ತೊಳೆಯದ್ದನ್ನೂ ಬೇರೆಬೇರೆ ಅಳೆಯುವುದು ಒಳ್ಳೆಯದು. ಏಕೆಂದರೆ ಸೀಸ ಬೇರಿನಿಂದ ಎಲೆಗೆ ಏರುವುದು ಕಡಿಮೆ, ಎಲೆಯ ಮೇಲಿನದು ಬಹಳ ಸಲ ರಸ್ತೆಯ ದೂಳು ಅಥವಾ ಸಿಡಿದ ಮಣ್ಣು. ಅಲ್ಲಿ ಮಣ್ಣಿನ ಲಭ್ಯ ಸೀಸಕ್ಕೆ ದೋಷ ಹೊರಿಸಿ ಪ್ರಯೋಜನವಿಲ್ಲ.

ಹಸಿ ತೂಕ ಬರೆದುಕೊಂಡು 70 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ಮಾರನೆಯ ದಿನ ಬೇಯಿಸಬೇಕು. ನಮ್ಮಲ್ಲಿ ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳ 9:4ರ ಮಿಶ್ರಣ ರೂಢಿಯಲ್ಲಿದೆ. ನೈಟ್ರಿಕ್ಕಿನ ಪೂರ್ವಸಿದ್ಧತೆಯಿಲ್ಲದೆ ಪರ್ಕ್ಲೋರಿಕ್ ಆಮ್ಲವನ್ನು ಸಸ್ಯದ ಪುಡಿಗೆ ನೇರವಾಗಿ ಸೇರಿಸಿದರೆ ಸ್ಫೋಟವಾಗಬಹುದು, ಹೊಗೆ ಎಳೆಯುವ ಗೂಡಿಲ್ಲದಲ್ಲಿ ಈ ಕೆಲಸ ಕೂಡದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಸೊಪ್ಪಿನ ಮಿತಿ ಕಿಲೋಗ್ರಾಮಿಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿಲಿಗ್ರಾಂ. ಇದು ಹಸಿ ತೂಕದ ಲೆಕ್ಕ. ಒಣ ಪುಡಿಯಲ್ಲಿ 1.5 ಬಂದಿದ್ದು ಸೊಪ್ಪಿನಲ್ಲಿ ಶೇಕಡ 90 ನೀರಿದ್ದರೆ ಹಸಿ ತೂಕಕ್ಕೆ 0.15 ಆಗುತ್ತದೆ, ಈ ಪರಿವರ್ತನೆ ಮರೆತು ಗಾಬರಿ ಹುಟ್ಟಿಸುವುದು ಅಪರೂಪವೇನಲ್ಲ.

ಸೊಪ್ಪಿನ ಅಂಕಿ, ಕ್ಯಾಲ್ಸಿಯಂ ಕ್ಲೋರೈಡಿನ ಅಂಕಿ, ಡಿಟಿಪಿಎಯ ಅಂಕಿ, ರಸಸಾರ ಈ ನಾಲ್ಕನ್ನೂ ಪಟ್ಟಿವಾರು ಒಂದೇ ಹಾಳೆಯಲ್ಲಿ ಬರೆಯಿರಿ. ಸೊಪ್ಪಿನ ಅಂಕಿಯ ಜೊತೆಜೊತೆಗೆ ಏರಿಳಿಯುವ ದ್ರಾವಣ ಯಾವುದೋ ಅದೇ ನಿಮ್ಮ ಹೊಲಕ್ಕೆ, ಆ ಲೋಹಕ್ಕೆ, ಆ ಬೆಳೆಗೆ ತಕ್ಕ ಅಳತೆ. ಮುಂದಿನ ವರ್ಷಗಳಲ್ಲಿ ಅದೊಂದನ್ನೇ ಮಾಡಿಸಿದರೂ ನಡೆಯುತ್ತದೆ. ರಸಸಾರ 6ಕ್ಕಿಂತ ಕೆಳಗಿದ್ದು ಕ್ಯಾಲ್ಸಿಯಂ ಕ್ಲೋರೈಡಿನ ಕ್ಯಾಡ್ಮಿಯಂ ಏರಿದ್ದರೆ, ಸುಣ್ಣದ ಅಗತ್ಯ ಎಷ್ಟೆಂದು ಪರೀಕ್ಷಿಸಿ ಸುಣ್ಣ ಹಾಕಿ, ಮುಂದಿನ ಬೆಳೆಯ ಹೊತ್ತಿಗೆ ಅದೇ ಗುಳಿಗಳಲ್ಲಿ ಮತ್ತೆ ಅಳೆದು ನೋಡಿ. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಕ್ಲೋರೈಡು ಕ್ಯಾಡ್ಮಿಯಮ್ಮಿನೊಂದಿಗೆ ಕೂಡಿ ಅದನ್ನು ಕರಗಿದ ಸ್ಥಿತಿಯಲ್ಲೇ ಇಡುವುದರಿಂದ, ಸುಣ್ಣ ಹಾಕಿದ ಮೇಲೂ ಸೊಪ್ಪಿನ ಅಂಕಿ ಇಳಿಯದೆ ಇರಬಹುದು. ವಿದ್ಯುತ್ ವಾಹಕತೆಯನ್ನು ಮೊದಲೇ ಅಳೆದಿಡಿ ಎಂದದ್ದು ಇಂಥ ಹೊತ್ತಿಗೆ.

ಹೊರಗೆ ಪರೀಕ್ಷೆ ಮಾಡಿಸುವವರು ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಪ್ರಯೋಗಾಲಯದಲ್ಲಾಗಲಿ ವಿಚಾರಿಸುವಾಗ, ಬೆಲೆ ಕೇಳುವ ಮೊದಲು ಯಾವ ದ್ರಾವಣ, ಯಾವ ಪ್ರಮಾಣ, ಎಷ್ಟು ಹೊತ್ತು, ಯಾವ ಯಂತ್ರ, ಪತ್ತೆಯ ಕನಿಷ್ಠ ಮಿತಿ ಎಷ್ಟು ಎಂಬ ಐದು ಪ್ರಶ್ನೆ ಕೇಳಬೇಕು. ಇವುಗಳ ಉತ್ತರವನ್ನು ವರದಿಯಲ್ಲೇ ಮುದ್ರಿಸಿ ಕೊಡಲು ಒಪ್ಪುವಲ್ಲಿ ಮಾದರಿ ಕೊಡಿ. ಉಳಿದ ಮಣ್ಣನ್ನು ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಹೊಲದ ಹೆಸರು, ಪಟ್ಟಿ, ಆಳ, ದಿನಾಂಕ ಬರೆದ ಚೀಟಿಯನ್ನು ಒಳಗೊಂದು ಹೊರಗೊಂದು ಇಟ್ಟು ಎತ್ತಿಡಿ; ಮುಂದಿನ ಸಲ ಅಂಕಿ ಬದಲಾದಾಗ, ಬದಲಾದದ್ದು ಮಣ್ಣೋ ಪ್ರಯೋಗಾಲಯವೋ ಎಂದು ತಿಳಿಯಲು ಹಳೆಯ ಡಬ್ಬಿಯ ಮಣ್ಣನ್ನು ಹೊಸದರ ಜೊತೆಗೇ ಕಳುಹಿಸಬೇಕಾಗುತ್ತದೆ.